ಮಂಡಿಪೇಟೆ ಗಲ್ಲಿಯ ಟೇಪ್ ರಿಪೇರಿ ಅಂಗಡಿ: ನಾಲ್ಕೂವರೆ ಸ್ಟಾರ್, ಅರ್ಧ ಸ್ಟಾರ್ ತಡ ಮಾಡಿದ್ದಕ್ಕೆ ಕಟ್

ಮೊದಲೇ ಹೇಳಿಬಿಡುತ್ತೇನೆ, ಅವಸರ ಇರುವವರು ಈ ಅಂಗಡಿಗೆ ಹೋಗಬೇಡಿ. ನಾಲ್ಕು ದಿನ ಅಂದವರು 19 ದಿನ ತೆಗೆದುಕೊಂಡರು. ರಸೀದಿ ಕೊಡಲ್ಲ. ಫೋನ್ ಎತ್ತಲ್ಲ, ಎತ್ತಿದರೂ "ಕೈಲಿ ಸೋಲ್ಡರಿಂಗ್ ಐತೆ, ಆಮೇಲೆ ಮಾಡಮ್ಮ" ಅಂತ ಇಟ್ಟುಬಿಡುತ್ತಾರೆ. ಕೂರಲು ಇರುವುದು ಒಂದೇ ಸ್ಟೂಲ್, ಅದರ ಮೇಲೂ ಯಾರದ್ದೋ ಆಂಪ್ಲಿಫೈಯರ್ ಕೂತಿರುತ್ತದೆ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತಿದ್ದೇನೆ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಮಧ್ಯದಲ್ಲಿ ಅಮೆರಿಕದ ಅಧ್ಯಕ್ಷನೊಬ್ಬ ಕುರ್ಚಿ ಬಿಟ್ಟು ಹೋದ ಕಥೆಯೂ ಬರುತ್ತದೆ. ಅದು ನನ್ನ ತಪ್ಪಲ್ಲ, ಅಂಗಡಿ ಯಜಮಾನರದ್ದು.

ಅಂಗಡಿ ಇರುವುದು ತುಮಕೂರಿನ ಮಂಡಿಪೇಟೆಯಿಂದ ಒಳಗೆ ತಿರುಗುವ ಒಂದು ಗಲ್ಲಿಯಲ್ಲಿ. ಬೋರ್ಡ್ ಇಲ್ಲ. ಹಗ್ಗ, ಗೋಣಿಚೀಲ ಮಾರುವ ಅಂಗಡಿಯ ಪಕ್ಕ. ಅಲ್ಲಿ ನಿಂತು "ಟೇಪ್ ತಾತ ಎಲ್ಲಿ?" ಅಂತ ಕೇಳಿದರೆ ಗೋಣಿಚೀಲದವರು ಗದ್ದ ಎತ್ತಿ ತೋರಿಸುತ್ತಾರೆ. ತಾತನಿಗೆ ಎಪ್ಪತ್ತು ದಾಟಿದೆ. ಮೊದಲು ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಇದ್ದವರು. ವಾಚಿನವರು ಒಂದು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿ ಈಗಲೂ ಅವರ ಕೊರಳಲ್ಲಿ ದಾರಕ್ಕೆ ನೇತಾಡುತ್ತಿರುತ್ತದೆ. ರೇಡಿಯೋ, ಟೇಪ್ ರೆಕಾರ್ಡರ್, ಗ್ರಾಮಫೋನ್ ಇಷ್ಟೇ ಮುಟ್ಟುವುದು. ಮೊಬೈಲ್ ತೋರಿಸಿದರೆ ಕೈ ಮುಗಿಯುತ್ತಾರೆ. ಹಳೇ ಕ್ಯಾಸೆಟ್, ಚಕ್ರಕ್ಕೆ ಸುತ್ತಿದ ಸ್ಪೂಲ್ ಟೇಪುಗಳಲ್ಲಿ ಇರುವುದನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಕೆಲಸ ಈಗ ಜಾಸ್ತಿ ಬರುತ್ತಿದೆಯಂತೆ. ನಾನು ಹೋಗಿದ್ದೂ ಅದಕ್ಕೇ.

ನನ್ನ ಕೈಲಿದ್ದದ್ದು ಒಂದೇ ಸ್ಪೂಲು. ಐದು ಇಂಚಿನದ್ದು, ರಟ್ಟಿನ ಡಬ್ಬಿಯಲ್ಲಿ. ಡಬ್ಬಿಯ ಮೇಲೆ ನಮ್ಮಪ್ಪನ ಅಕ್ಷರದಲ್ಲಿ "ಭಾಗ, 1976" ಅಂತ ಇದೆ. ಗುಬ್ಬಿ ಕಡೆ ನಮ್ಮಜ್ಜನ ಊರು. ಆ ವರ್ಷ ಮನೆ ಭಾಗ ಆಯಿತು. ದೊಡ್ಡಪ್ಪ, ಅಪ್ಪ, ಚಿಕ್ಕಪ್ಪ, ಊರಿನ ನಾಲ್ಕು ಜನ ಹಿರಿಯರು ಜಗಲಿ ಮೇಲೆ ಕೂತಿದ್ದರು. ಚಿಕ್ಕಪ್ಪ ಆಗ ತಾನೇ ಎಲ್ಲಿಂದಲೋ ಒಂದು ಸ್ಪೂಲ್ ರೆಕಾರ್ಡರ್ ತಂದಿದ್ದ. ನಾಳೆ ಯಾರೂ ಮಾತು ತಿರುಗಿಸಬಾರದು, ಅಜ್ಜ ಹೇಳಿದ್ದೆಲ್ಲ ಅದರಲ್ಲೇ ಇರಲಿ ಅಂತ ಅಜ್ಜನ ಮುಂದೆ ಇಟ್ಟಿದ್ದಾರೆ. ಪಾರಿಕತ್ತು, ಅಂದರೆ ಭಾಗಪತ್ರ, ಬರೆಸುವ ಮೊದಲಿನ ಮಾತುಕತೆ ಅದು.

ಟೇಪಿನಲ್ಲಿ ಅಜ್ಜ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಗದ್ದೆ ಇವನಿಗೆ, ಹೊಲ ಅವನಿಗೆ, ಹುಣಸೆಮರದ ಫಲ ಮೂರು ಪಾಲು. ಆಮೇಲೆ "ಬಾವಿ ಪಕ್ಕದ ತೆಂಗಿನ ತೋಟ ಐತಲ್ಲ, ಅದು..." ಅಂತ ಶುರು ಮಾಡುತ್ತಾರೆ. ಅಷ್ಟೇ. ಗುಂಯ್ ಅನ್ನುವ ಸದ್ದು. ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಅದು ಮುಗಿದ ಮೇಲೆ ಅಜ್ಜಿಯ ಧ್ವನಿ: "ಕಾಫಿ ಆರೋಗ್ತದೆ, ಕುಡೀರಿ ಎಲ್ಲಾ."

ಆ ತೋಟ ಕೊನೆಗೆ ಮೂರು ಜನ ಗಂಡುಮಕ್ಕಳಿಗೆ ಹಂಚಿಹೋಯಿತು. ಟೇಪಿನಲ್ಲಿ ಅಳಿಸಿಹೋದ ಮಾತಿಗೆ ಅಪರಾಧಿ ಯಾರು ಗೊತ್ತಾ? ನಾನು. ಆಗ ನನಗೆ ನಾಲ್ಕು ವರ್ಷ. ರೆಕಾರ್ಡರ್ ಹತ್ತಿರ ಆಡುತ್ತಾ ಕೆಂಪು ಗುಂಡಿ ಒತ್ತಿಬಿಟ್ಟೆ ಅಂತ ಮನೆಯವರೆಲ್ಲ ಹೇಳಿಕೊಂಡು ಬಂದರು. ಹಬ್ಬಕ್ಕೆ ಹೋದರೆ ಅದೇ ಮಾತು, ಮದುವೆಗೆ ಹೋದರೆ ಅದೇ ಮಾತು. ನನ್ನ ಮದುವೆಯಲ್ಲಿ ದೊಡ್ಡಪ್ಪ ನನ್ನ ಗಂಡನಿಗೆ ಪರಿಚಯ ಮಾಡಿಕೊಟ್ಟಿದ್ದೇ "ನಮ್ಮಪ್ಪನ ಮಾತನ್ನೇ ಅಳಿಸಿದೋಳು ಇವಳು, ಹುಷಾರು" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಲವತ್ತೊಂಬತ್ತು ವರ್ಷ ನಕ್ಕಿದ್ದೇನೆ.

ಇದನ್ನೆಲ್ಲ ಸುಮ್ನೆ ತಮಾಷೆಗೆ ತಾತನ ಹತ್ತಿರ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೂರು ನಿಮಿಷಾನಾ? ಹದಿನೆಂಟೂವರೆ ನಿಮಿಷದ ಕಥೆ ಗೊತ್ತೇನಮ್ಮ ನಿನಗೆ?" ಅಂದರು. ವಾಟರ್‌ಗೇಟ್ ಅಂತ ಹೆಸರು ಕೇಳಿದ್ದೆ. ಈಗ ಯಾವ ಹಗರಣಕ್ಕೂ 'ಗೇಟ್' ಅಂತ ಬಾಲ ಸೇರಿಸುತ್ತಾರಲ್ಲ, ಅಷ್ಟು ಗೊತ್ತಿತ್ತು. ಗೇಟು ಅಂದರೆ ಬಾಗಿಲು ಅಂತಲೇ ಅಂದುಕೊಂಡಿದ್ದೆ, ಅದು ವಾಷಿಂಗ್ಟನ್ನಿನ ಒಂದು ದೊಡ್ಡ ಕಟ್ಟಡದ ಹೆಸರಂತೆ.

ತಾತ ಹೇಳುವ ರೀತಿ ಹೇಗೆ ಅಂದರೆ, ಕಥೆಯಲ್ಲಿ ರಾಜಕೀಯ ಸ್ವಲ್ಪ, ಮೆಷಿನ್ ಜಾಸ್ತಿ. 1972ರ ಜೂನ್ 17, ನಡುರಾತ್ರಿ ದಾಟಿದೆ. ಆ ಕಟ್ಟಡದ ಕಾವಲುಗಾರ ಫ್ರಾಂಕ್ ವಿಲ್ಸ್ ಗಸ್ತು ತಿರುಗುವಾಗ ಒಂದು ಬಾಗಿಲಿನ ಚಿಲಕಕ್ಕೆ ಟೇಪ್ ಅಂಟಿಸಿರುವುದು ನೋಡುತ್ತಾನೆ. ಕೆಲಸದವರು ಬಿಟ್ಟಿರಬೇಕು ಅಂತ ಕಿತ್ತು ಹೋಗುತ್ತಾನೆ. ಮತ್ತೆ ಬಂದು ನೋಡಿದರೆ ಪುನಃ ಟೇಪು! ಪೊಲೀಸರಿಗೆ ಫೋನ್ ಮಾಡುತ್ತಾನೆ. ಡೆಮಾಕ್ರಟಿಕ್ ಪಕ್ಷದ ಕಚೇರಿಯೊಳಗೆ ಐದು ಜನ ಸಿಕ್ಕಿಬೀಳುತ್ತಾರೆ, ಕೈಯಲ್ಲಿ ಕ್ಯಾಮೆರಾ, ಕದ್ದು ಕೇಳುವ ಸಾಮಾನು. ಅವರ ಹಿಂದೆ ಇದ್ದದ್ದು ಅಧ್ಯಕ್ಷ ರಿಚರ್ಡ್ ನಿಕ್ಸನ್‌ನನ್ನು ಮತ್ತೆ ಗೆಲ್ಲಿಸಲು ಮಾಡಿದ್ದ ಸಮಿತಿಯ ಜನ, ದುಡ್ಡು. "ಅವನನ್ನ ಎರಡು ಟೇಪು ಕೆಡವಿದವು ನೋಡಮ್ಮ. ಒಂದು ಬಾಗಿಲಿಗೆ ಅಂಟಿಸಿದ್ದು, ಇನ್ನೊಂದು ಸ್ಪೂಲಿಗೆ ಸುತ್ತಿದ್ದು" ಅಂತ ಹೇಳಿ ತಾತ ತಾವೇ ನಕ್ಕರು. ಈ ಜೋಕನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾರೆ ಅಂತ ಗೋಣಿಚೀಲದವರು ಆಮೇಲೆ ಹೇಳಿದರು.

ಸ್ಪೂಲಿನ ಕಥೆ ಇದು. ಕದ್ದು ಕೇಳಲು ಜನ ಕಳಿಸಿದವರ ಮನೆಯಲ್ಲೇ ಅಧ್ಯಕ್ಷ ತನ್ನ ಮಾತನ್ನು ತಾನೇ ಕದ್ದು ರೆಕಾರ್ಡ್ ಮಾಡಿಸುತ್ತಿದ್ದ. 1971ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲಿ ಈ ವ್ಯವಸ್ಥೆ ಹಾಕಿಸಿದ್ದಾನೆ. ಅಧ್ಯಕ್ಷ ಕೂರುವ ಓವಲ್ ಆಫೀಸಿನ ಮೇಜಿನೊಳಗೆ ಐದು ಮೈಕು, ಬೆಂಕಿಗೂಡಿನ ಪಕ್ಕದ ಗೋಡೆದೀಪಗಳಲ್ಲಿ ಎರಡು. ಮೆಷಿನ್‌ಗಳು ಕೆಳಗೆ ನೆಲಮಾಳಿಗೆಯಲ್ಲಿ. ಹಿಂದಿನ ಅಧ್ಯಕ್ಷರೂ ರೆಕಾರ್ಡ್ ಮಾಡಿದವರೇ, ಕೆನಡಿ ಮಾಡಿದ್ದ, ಜಾನ್ಸನ್ ಮಾಡಿದ್ದ. ಆದರೆ ಅವರು ಬೇಕಾದಾಗ ಸ್ವಿಚ್ ಹಾಕಬೇಕಿತ್ತು. ನಿಕ್ಸನ್‌ಗೆ ಮೆಷಿನ್ ಅಂದರೆ ಕೈ ಬರುತ್ತಿರಲಿಲ್ಲವಂತೆ. ಅದಕ್ಕೇ ಅವನ ಆಫೀಸಿಗೆ ಧ್ವನಿ ಕೇಳಿದರೆ ತಾನೇ ಶುರುವಾಗುವಂಥದ್ದು ಹಾಕಿದರು. ಕೆಮ್ಮಿದರೂ ಶುರು, ಕಪ್ಪು ಇಟ್ಟರೂ ಶುರು. ಕಿವಿ ಇದೆ ಅಂತ ಮರೆತುಹೋಗುವ ಹಾಗಿತ್ತು. 1973ರ ಜುಲೈವರೆಗೆ ಸುಮಾರು 3,700 ಗಂಟೆ ಸುತ್ತಿಕೊಂಡಿದೆ.

"ಅಷ್ಟೆಲ್ಲ ಹಿಡಿಸೋಕೆ ಏನ್ ಮಾಡಿದ್ರು ಹೇಳು?" ಅಂತ ತಾತ ಪರೀಕ್ಷೆ ಮಾಡುವವರ ಹಾಗೆ ಕೇಳಿದರು. ಟೇಪು ಓಡುವ ವೇಗ ಕಡಿಮೆ ಮಾಡಿದ್ದಾರೆ. ನಮ್ಮ ಮನೆ ಸ್ಪೂಲು ಸೆಕೆಂಡಿಗೆ ಮೂರು ಮುಕ್ಕಾಲು ಇಂಚು ಓಡುತ್ತದೆ. ಒಂದು ಬದಿಗೆ 32 ನಿಮಿಷ. ನಿಕ್ಸನ್‌ದು ಅದರ ಕಾಲು ಭಾಗ, ಸೆಕೆಂಡಿಗೆ ಒಂದು ಇಂಚೂ ಇಲ್ಲ. ಟೇಪೂ ತೀರಾ ತೆಳು. ಹೀಗೆ ಮಾಡಿದರೆ ಉದ್ದ ಬರುತ್ತದೆ, ಧ್ವನಿ ಕೆಡುತ್ತದೆ. ಮನೆಗೆ ಬಂದು ನಾನೂ ಕೇಳಿದೆ. ನಿಕ್ಸನ್ ಹೆಸರಿನ ಲೈಬ್ರರಿಯವರು ಆ ಟೇಪುಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟಿದ್ದಾರೆ, ಯಾರು ಬೇಕಾದರೂ ಕೇಳಬಹುದು. ಆ ಸೇವೆಗೂ ಇಲ್ಲೇ ಒಂದು ಸಾಲು ರಿವ್ಯೂ ಬರೆದುಬಿಡುತ್ತೇನೆ: ದುಡ್ಡು ಕೇಳಲ್ಲ, ಜಾಹೀರಾತು ಇಲ್ಲ, ಆದರೆ ಹೆಡ್‌ಫೋನ್ ಇಲ್ಲದೆ ಒಂದು ಮಾತೂ ತಿಳಿಯಲ್ಲ. ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಇದೆ. ಮೇಜಿನ ಮೇಲೆ ಕಪ್ಪು ಇಟ್ಟ ಸದ್ದು ಮಾತ್ರ ಗುಂಡು ಹೊಡೆದ ಹಾಗೆ ಬರುತ್ತದೆ, ಮೈಕು ಮೇಜಿನಲ್ಲೇ ಇತ್ತಲ್ಲ.

ಹುಡುಕುತ್ತಾ ಹೋದರೆ ನಮ್ಮವರ ವಿಷಯವೂ ಸಿಗುತ್ತದೆ. 1971ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋಗಿದ್ದಾಗ ನಿಕ್ಸನ್ ಮತ್ತು ಅವನ ಭದ್ರತಾ ಸಲಹೆಗಾರ ಕಿಸಿಂಜರ್ ಆಕೆಯ ಬೆನ್ನ ಹಿಂದೆ ಆಡಿದ ಮಾತು ಅದೇ ಟೇಪುಗಳಲ್ಲಿದೆ. ಇಲ್ಲಿ ಬರೆಯಲು ಆಗದ ಮಾತು. 2005ರಲ್ಲಿ ಅದು ಹೊರಬಿದ್ದ ಮೇಲೆ ಕಿಸಿಂಜರ್ ವಿಷಾದ ಅಂತ ಹೇಳಿದರು. ನಮ್ಮ ಬೀದಿ ನಲ್ಲಿ ಹತ್ತಿರ ನಡೆಯುವ ಮಾತಿಗೂ ಅದಕ್ಕೂ ವ್ಯತ್ಯಾಸ ಇಲ್ಲ, ಇವರು ಸೂಟು ಹಾಕಿಕೊಂಡಿದ್ದರು ಅಷ್ಟೇ.

ಟೇಪು ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದು 1973ರ ಜುಲೈ 16ಕ್ಕೆ. ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅಂತ ಅಧ್ಯಕ್ಷನ ಆಫೀಸಿನಲ್ಲಿ ಕೆಲಸ ಮಾಡಿದ್ದವನು ಸೆನೆಟ್ ಸಮಿತಿಯ ಮುಂದೆ, ಟೀವಿಯಲ್ಲಿ ಎಲ್ಲರೂ ನೋಡುತ್ತಿರುವಾಗ, ಕೇಳಿದ ಪ್ರಶ್ನೆಗೆ ಹೌದು ಅಂದುಬಿಟ್ಟ. ಎರಡೇ ದಿನದಲ್ಲಿ ಮೆಷಿನ್‌ಗಳನ್ನು ಕಿತ್ತರು. ಆದರೆ ಸುತ್ತಿಟ್ಟಿದ್ದ ಸ್ಪೂಲು ಹಾಗೇ ಇದ್ದವಲ್ಲ. ಕೊಡಿ ಅಂತ ಸ್ಪೆಷಲ್ ಪ್ರಾಸಿಕ್ಯೂಟರ್, ಅಂದರೆ ಈ ಹಗರಣದ ತನಿಖೆಗೇ ಇಟ್ಟಿದ್ದ ಸರ್ಕಾರಿ ವಕೀಲ, ಆರ್ಚಿಬಾಲ್ಡ್ ಕಾಕ್ಸ್ ಪಟ್ಟು ಹಿಡಿದ. ಅಕ್ಟೋಬರ್ 20, ಶನಿವಾರ ರಾತ್ರಿ, ಅವನನ್ನೇ ತೆಗೆಯಿರಿ ಅಂತ ನಿಕ್ಸನ್ ಹೇಳಿದ. ಅಟಾರ್ನಿ ಜನರಲ್ ರಿಚರ್ಡ್‌ಸನ್ ಆಗಲ್ಲ ಅಂತ ರಾಜೀನಾಮೆ ಕೊಟ್ಟ, ಅವನ ಕೈಕೆಳಗಿನವನೂ ಆಗಲ್ಲ ಅಂತ ಹೋದ, ಮೂರನೆಯವನು ತೆಗೆದ. ಆಗ ನಮ್ಮೂರಲ್ಲಿ ಇದನ್ನು ಆಕಾಶವಾಣಿ ವಾರ್ತೆಯಲ್ಲಿ ಕೇಳಿದ್ದರಂತೆ ತಾತ. "ಹೆಸರೆಲ್ಲ ಬಾಯಿಗೆ ಬರ್ತಿರ್ಲಿಲ್ಲ, ಆದ್ರೆ ಟೇಪು ಅನ್ನೋದು ಮಾತ್ರ ತಿಳೀತಿತ್ತು."

ಇಲ್ಲಿಂದ ಮುಂದೆ ತಾತನ ಕಣ್ಣು ಹೊಳೆಯಲು ಶುರುವಾಯಿತು. ಆ ನವೆಂಬರ್‌ನಲ್ಲಿ ಕೋರ್ಟಿಗೆ ತಿಳಿದದ್ದು ಇದು: 1972ರ ಜೂನ್ 20ರ ಟೇಪಿನಲ್ಲಿ, ಅಂದರೆ ಕಳ್ಳರು ಸಿಕ್ಕಿಬಿದ್ದ ಮೂರನೇ ದಿನ, ನಿಕ್ಸನ್ ಮತ್ತು ಅವನ ಮುಖ್ಯ ಸಹಾಯಕ ಹಾಲ್ಡೆಮನ್ ಮಾತಾಡುವ ಕಡೆ ಹದಿನೆಂಟೂವರೆ ನಿಮಿಷ ಮಾತೇ ಇಲ್ಲ. ಗುಂಯ್ ಮಾತ್ರ.

ಯಾರ ತಲೆಗೆ ಬಂತು? ಅಧ್ಯಕ್ಷನ ಸೆಕ್ರೆಟರಿ ರೋಸ್ ಮೇರಿ ವುಡ್ಸ್ ತಲೆಗೆ. ಕೇಳಿ ಟೈಪ್ ಮಾಡುವ ಕೆಲಸ ಆಕೆಯದ್ದು. ಮೆಷಿನ್ ಜರ್ಮನಿಯ ಊಹೆರ್ 5000, ಕಾಲಿನಲ್ಲಿ ಒತ್ತುವ ಪೆಡಲ್ ಇರುವಂಥದ್ದು. ಆಕೆ ಹೇಳಿದ್ದು, ಫೋನ್ ಬಂತು, ತೆಗೆಯುವ ಗಡಿಬಿಡಿಯಲ್ಲಿ ಸ್ಟಾಪ್ ಬದಲು ರೆಕಾರ್ಡ್ ಒತ್ತಿರಬೇಕು, ಕಾಲು ಪೆಡಲ್ ಮೇಲೇ ಉಳಿದಿರಬೇಕು ಅಂತ. ಅದೂ ಐದು ನಿಮಿಷದಷ್ಟು ಮಾತ್ರ, ಹದಿನೆಂಟೂವರೆ ನನ್ನದಲ್ಲ ಅಂದಳು. ಹೇಗೆ ಕೂತಿದ್ದೆ ತೋರಿಸು ಅಂದಾಗ ಆಕೆ ಒಂದು ಕೈ ಹಿಂದೆ ಫೋನಿಗೆ ಚಾಚಿ, ಕಾಲು ಮುಂದೆ ಪೆಡಲಿಗೆ ಚಾಚಿ ತೋರಿಸಿದ ಫೋಟೋ ಎಲ್ಲ ಕಡೆ ಬಂತು, ಜನ ನಕ್ಕರು. ನಿಕ್ಸನ್‌ನ ಇನ್ನೊಬ್ಬ ದೊಡ್ಡ ಅಧಿಕಾರಿ ಅಲೆಕ್ಸಾಂಡರ್ ಹೇಗ್ ಕೋರ್ಟಿನಲ್ಲಿ ಯಾವುದೋ ದುಷ್ಟಶಕ್ತಿ ಅಳಿಸಿರಬಹುದು ಅನ್ನುವ ಮಾತನ್ನೂ ಎತ್ತಿದ. ಗಾಳಿ ಮೆಟ್ಟಿಕೊಂಡಿದೆ ಅನ್ನುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ.

ಆ ಫೋಟೋವನ್ನು ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಆಕೆ ನಗುತ್ತಿದ್ದಾಳೆ. ಆ ನಗು ನನಗೆ ಗೊತ್ತು.

ತಾತ ಕೇಳಿದರು, "ನಿಮ್ಮ ಮನೆ ಮೆಷಿನ್‌ಗೆ ರೆಕಾರ್ಡ್ ಮಾಡಬೇಕಾದ್ರೆ ಎಷ್ಟು ಗುಂಡಿ ಒತ್ತಬೇಕಿತ್ತಮ್ಮ?" ಮೆಷಿನ್ ಹೋಗಿ ಎಷ್ಟೋ ಕಾಲ ಆಗಿದೆ, ಯಾರಿಗೆ ನೆನಪು? ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ಹಳೇ ಫೋಟೋ ಒಂದರಲ್ಲಿ ಮೆಷಿನ್ ಇದ್ದದ್ದನ್ನು ತರಿಸಿ ತೋರಿಸಿದೆ. ಹಾರ್ಮೋನಿಯಂ ಕೀಗಳ ಹಾಗೆ ಸಾಲಾಗಿ ದಪ್ಪ ಗುಂಡಿಗಳು. ತಾತ ಕಪಾಟಿನಿಂದ ಅಂಥದ್ದೇ ಒಂದನ್ನು ಇಳಿಸಿ ಧೂಳು ಊದಿ ನನ್ನ ಮುಂದೆ ಇಟ್ಟರು. ಕೆಂಪು ಗುಂಡಿ ಒಂದನ್ನೇ ಒತ್ತಿದೆ. ಅದು ಕೆಳಗೇ ಇಳಿಯಲಿಲ್ಲ. ಪಕ್ಕದ ಗುಂಡಿಯನ್ನೂ ಸೇರಿಸಿ ಎರಡನ್ನೂ ಒಟ್ಟಿಗೆ ಅದುಮಬೇಕು. ಅದುಮಿದೆ. ಟಕ್ ಅಂತ ಕೂತಿತು, ಹೆಬ್ಬೆರಳು ನೋಯಿತು. ಈ ವಯಸ್ಸಿನ ನನ್ನ ಬೆರಳೇ ನೋಯಿತು.

ಆದರೆ ಅದು ಸಾಕ್ಷಿ ಆಗಲ್ಲ ಅಂದರು ತಾತ. ಮಕ್ಕಳು ಎರಡು ಕೈಯಲ್ಲೂ ಒತ್ತುತ್ತವೆ. ಟೇಪನ್ನೇ ಕೇಳಬೇಕು.

ಈಗ ಅವರು ಮಾಡಿ ತೋರಿಸಿದ್ದು ನನಗೆ ಸಿಕ್ಕಾಪಟ್ಟೆ ಇಷ್ಟವಾಯಿತು. ಕಸಕ್ಕೆ ಹಾಕುವ ಒಂದು ಟೇಪು ತೆಗೆದುಕೊಂಡರು. ಮೆಷಿನ್ನಿನ ಮುಚ್ಚಳ ತೆಗೆದು ಎರಡು ಹೆಡ್ ತೋರಿಸಿದರು. ಮೊದಲು ಸಿಗುವುದು ಅಳಿಸುವ ಹೆಡ್, ಅದರ ಮುಂದೆ ಬರೆಯುವ ಹೆಡ್. ಇದ್ದದ್ದನ್ನು ಒಂದು ಒರೆಸುತ್ತದೆ, ಇನ್ನೊಂದು ಹೊಸದು ಬರೆಯುತ್ತದೆ. ರೆಕಾರ್ಡ್ ನಿಲ್ಲಿಸಿದ ಕ್ಷಣದಲ್ಲಿ ಎರಡು ಹೆಡ್ಡೂ ಟೇಪಿನ ಮೇಲೆ ತಂತಮ್ಮ ಗುರುತು ಬಿಟ್ಟು ನಿಲ್ಲುತ್ತವೆ, ಒದ್ದೆ ಗೋಡೆಗೆ ಕೈ ಇಟ್ಟು ತೆಗೆದ ಹಾಗೆ. ಐದು ಸಲ ನಿಲ್ಲಿಸಿದರೆ ಐದು ಗುರುತು. ತಾತ ರೆಕಾರ್ಡ್ ಹಾಕಿ, ನಿಲ್ಲಿಸಿ, ಮತ್ತೆ ಹಾಕಿ, ನಿಲ್ಲಿಸಿ, ಆ ಟೇಪಿನ ಒಂದು ಗೇಣು ಕತ್ತರಿಸಿ ಗಾಜಿನ ಮೇಲೆ ಹರಡಿದರು. ಒಂದು ಚಿಕ್ಕ ಬಾಟಲಿ ಅಲ್ಲಾಡಿಸಿದರು, ಸ್ಪಿರಿಟ್ಟಿನಲ್ಲಿ ಕಲಸಿದ ನುಣ್ಣನೆ ಕಬ್ಬಿಣದ ಪುಡಿ. ಕುಂಚದಲ್ಲಿ ತೆಳ್ಳಗೆ ಬಳಿದರು. ಸ್ಪಿರಿಟ್ ಆರಿತು. ಭೂತಗನ್ನಡಿ ನನ್ನ ಕಣ್ಣಿಗೆ ಸಿಕ್ಕಿಸಿದರು. ಕಂದು ಟೇಪಿನ ಮೇಲೆ ಬೂದು ಗೆರೆಗಳು, ಅಡ್ಡಡ್ಡ, ನೇರ, ಬಾಚಣಿಗೆ ಹಲ್ಲಿನ ಹಾಗೆ. ಮಾತು ಇದ್ದ ಕಡೆ ಗೆರೆ ಕಿಕ್ಕಿರಿದಿದೆ. ನಿಲ್ಲಿಸಿದ ಕಡೆ ಎದ್ದು ಕಾಣುವ ಒಂದು ಪಟ್ಟೆ. ಮಾತು ಕಣ್ಣಿಗೆ ಕಾಣುತ್ತದೆ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಿಕ್ಸನ್ ಟೇಪಿಗೂ ಇದೇ ಆದದ್ದು. ಶ್ವೇತಭವನದವರೂ ಪ್ರಾಸಿಕ್ಯೂಟರ್ ಕಡೆಯವರೂ ಸೇರಿ ಒಪ್ಪಿದ ಆರು ಜನ ತಜ್ಞರು ಟೇಪು ಪರೀಕ್ಷೆ ಮಾಡಿದರು. 1974ರ ಜನವರಿಯಲ್ಲಿ ಹೇಳಿದರು: ಕನಿಷ್ಠ ಐದು ಸಲ, ಒಂಬತ್ತು ಸಲದವರೆಗೂ ಇರಬಹುದು, ಬೇರೆಬೇರೆಯಾಗಿ ಅಳಿಸಲಾಗಿದೆ, ಕೈಯಿಂದ ಗುಂಡಿ ಒತ್ತಿಯೇ ಆಗಿದೆ. ಪೆಡಲ್ ಮೇಲೆ ಕಾಲು ಮರೆತರೆ ಇಂಥ ಗುರುತು ಬರಲ್ಲ. ಆ ಗುಂಯ್ ಕರೆಂಟ್ ಲೈನಿನದ್ದು. ಯಾರು ಒತ್ತಿದ್ದು ಅನ್ನುವುದು ಇವತ್ತಿಗೂ ಸಾಬೀತಾಗಿಲ್ಲ. ಅಳಿಸಿದ ಮಾತನ್ನು ಎಬ್ಬಿಸಲು ಆಗುತ್ತಾ ಅಂತ ಅಲ್ಲಿನ ನ್ಯಾಷನಲ್ ಆರ್ಕೈವ್ಸ್‌ನವರು ಬೇರೆ ಟೇಪುಗಳ ಮೇಲೆ ಪ್ರಯೋಗ ಮಾಡಿಸಿ, ಆಗಲ್ಲ ಅಂತ 2003ರಲ್ಲಿ ಕೈಬಿಟ್ಟರು. ಅಸಲಿ ಟೇಪು ಬೀಗ ಹಾಕಿ ಇಟ್ಟಿದ್ದಾರೆ.

ನಮ್ಮ ಟೇಪಿಗೆ ಪುಡಿ ಬಳಿಯುವುದು ಬೇಡ, ಕಿವಿಯಲ್ಲೇ ನೋಡೋಣ ಅಂದರು ತಾತ. ಇಲ್ಲಿಗೆ ನಾಲ್ಕು ದಿನ ಹೋಗಿ 19 ದಿನ ಆದದ್ದು. ನಡುವೆ ನಾನು ಎರಡು ಸಲ ಹೋಗಿ ಬೈದು ಬಂದೆ. ಒಂದು ಸಲ ಅಂಗಡಿಯೇ ಮುಚ್ಚಿತ್ತು, ಬಸ್ ಚಾರ್ಜ್ ದಂಡ ಅಂತ ಬೇಜಾರಾಗಿ ಕ್ಯಾತ್ಸಂದ್ರದಲ್ಲಿ ಇಳಿದು ಎರಡು ತಟ್ಟೆ ಇಡ್ಲಿ ತಿಂದು ಬಂದೆ. ಅದೊಂದೇ ಲಾಭ ಆ ದಿನದ್ದು.

ಕೊನೆಗೆ ಕರೆದರು. ಕಂಪ್ಯೂಟರಿನಲ್ಲಿ ಗುಂಯ್ ಇರುವ ಮೂರು ನಿಮಿಷವನ್ನು ಎಳೆದು ದೊಡ್ಡದು ಮಾಡಿ ಇಟ್ಟಿದ್ದರು. ಕಂಪ್ಯೂಟರ್ ಮುಟ್ಟುವುದು ಅವರ ಮೊಮ್ಮಗಳು, ಪಿಯುಸಿ ಓದುವ ಹುಡುಗಿ. ಸ್ಕ್ರೀನಿನ ಮೇಲೆ ಗುಂಯ್ ಒಂದೇ ಸಮ ಗೆರೆ. ಅದರಲ್ಲಿ ನಾಲ್ಕು ಕಡೆ ಮುಳ್ಳು ಎದ್ದಿದೆ. "ಕೇಳು" ಅಂದರು. ಹೆಡ್‌ಫೋನ್ ಹಾಕಿದೆ. ಟಪ್. ಸ್ವಲ್ಪ ಹೊತ್ತು ಗುಂಯ್. ಟಪ್. ನಾಲ್ಕು ಸಲ. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲ ನಿಲ್ಲಿಸಿದ್ದಾರೆ. ಅಳಿಸಿದ್ದಾರೆ, ಹಿಂದಕ್ಕೆ ಸುತ್ತಿ ಕೇಳಿದ್ದಾರೆ, ಇನ್ನೂ ಉಳಿದಿದೆ ಅಂತ ಕಂಡು ಮತ್ತೆ ಅಳಿಸಿದ್ದಾರೆ. "ನಾಲ್ಕು ವರ್ಷದ ಮಗು ಗುಂಡಿ ಒತ್ತಿ ಓಡೋಗ್ತದಮ್ಮ. ಕೂತ್ಕೊಂಡು ಸರಿಯಾಯ್ತಾ ಅಂತ ನೋಡಲ್ಲ."

ನಾನು ಏನೂ ಹೇಳಲಿಲ್ಲ. ಮೊಮ್ಮಗಳು ನೀರು ತಂದು ಕೊಟ್ಟಳು.

ಇನ್ನೊಂದಿತ್ತು. ಎರಡನೇ ಮತ್ತು ಮೂರನೇ ಅಳಿಸುವಿಕೆಯ ನಡುವೆ ಸರಿಯಾಗಿ ಕೂಡಿಲ್ಲ, ಅರ್ಧ ಸೆಕೆಂಡಿನಷ್ಟು ಸಂದು ಬಿಟ್ಟಿದೆ. ಗಾರೆ ಕೆಲಸದವನು ಬಳಿಯುವಾಗ ಒಂದು ಬೆರಳಗಲ ಬಿಟ್ಟ ಹಾಗೆ. ಅಲ್ಲಿ ಅಜ್ಜನ ಧ್ವನಿ ಇದೆ. "...ಳಿಗೆ". ಅಷ್ಟೇ. ತಾತ ಅದನ್ನು ಇಪ್ಪತ್ತು ಸಲ ಹಾಕಿರಬಹುದು. ಳಿಗೆ. ಳಿಗೆ. ಳಿಗೆ. "ಮಗಳಿಗೆ ಅಂತ ನಂಗೆ ಕೇಳ್ತದೆ. ಆದ್ರೆ ನಾನು ಆಣೆ ಮಾಡಲ್ಲ" ಅಂದರು.

ಅಜ್ಜನಿಗೆ ಮಗಳು ಒಬ್ಬಳೇ. ನಮ್ಮತ್ತೆ. ಭಾಗದಲ್ಲಿ ಆಕೆಗೆ ಸಿಕ್ಕಿದ್ದು ಒಂದು ತಾಮ್ರದ ಹಂಡೆ.

ಆಣೆ ಮಾಡದಿದ್ದದ್ದೇ ಒಳ್ಳೆಯದಾಯಿತು. ಒಂದೇ ಟೇಪು ಎರಡು ಕಿವಿಗೆ ಎರಡು ಥರ ಕೇಳುತ್ತದೆ. ನಿಕ್ಸನ್ 1974ರ ಏಪ್ರಿಲ್ 30ರಂದು ಟೇಪು ಕೊಡುವ ಬದಲು ಬರೆದಿಳಿಸಿದ 1,200ಕ್ಕೂ ಜಾಸ್ತಿ ಪುಟ ಹೊರಬಿಟ್ಟ, ಬೈಗುಳ ಇದ್ದ ಕಡೆ 'ಬೈಗುಳ ತೆಗೆದಿದೆ' ಅಂತ ಹಾಕಿಸಿ. ಆಮೇಲೆ ಸಂಸತ್ತಿನ ನ್ಯಾಯ ಸಮಿತಿಯವರು ಕೆಲವು ಟೇಪುಗಳನ್ನು ತಾವೇ ಕೇಳಿ ಬರೆದಿಳಿಸಿದರೆ ಅದು ಬೇರೆಯೇ ಇತ್ತು. ಜುಲೈ 24ಕ್ಕೆ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಒಂದೇ ಮಾತಿನಲ್ಲಿ ಟೇಪು ಕೊಡು ಅಂದರು. ಆಗ ಹೊರಬಂದದ್ದು 1972ರ ಜೂನ್ 23ರದ್ದು. ಆ ಕಳ್ಳತನದ ಎಫ್‌ಬಿಐ ತನಿಖೆ ನಿಲ್ಲಿಸಲು ಗೂಢಚಾರ ಸಂಸ್ಥೆ ಸಿಐಎ ಕಡೆಯಿಂದ ಹೇಳಿಸೋಣ ಅಂತ ಹಾಲ್ಡೆಮನ್ ಹೇಳುವುದು, ನಿಕ್ಸನ್ ಸರಿ ಅನ್ನುವುದು. ಅದನ್ನು ಯಾರೂ ಅಳಿಸಿರಲಿಲ್ಲ. ಆಗಸ್ಟ್ 9ಕ್ಕೆ ಕುರ್ಚಿ ಬಿಟ್ಟ, ಒಂದು ತಿಂಗಳಲ್ಲಿ ಹೊಸ ಅಧ್ಯಕ್ಷ ಫೋರ್ಡ್ ಕ್ಷಮೆ ಕೊಟ್ಟ. ಅಳಿಸಿದ ಹದಿನೆಂಟೂವರೆ ನಿಮಿಷಕ್ಕಿಂತ ಅಳಿಸದೆ ಬಿಟ್ಟದ್ದೇ ಅವನನ್ನು ಮುಗಿಸಿತು.

ಅಂಗಡಿ ವಿಷಯಕ್ಕೆ ಬರುತ್ತೇನೆ, ಇದು ರಿವ್ಯೂ ಅಲ್ವಾ. ಒಂದು ಸ್ಪೂಲಿಗೆ 600 ರೂಪಾಯಿ ತೆಗೆದುಕೊಂಡರು, ಪೆನ್‌ಡ್ರೈವ್ ನಮ್ಮದೇ. ಅಳಿಸಿದ್ದನ್ನು ಹುಡುಕಿದ್ದಕ್ಕೆ ಬೇರೆ ದುಡ್ಡು ಕೊಡಲು ಹೋದೆ, ಬೇಡ ಅಂದರು. ಕ್ಯಾಸೆಟ್ ಆದರೆ ಕಡಿಮೆ. ಬೂಷ್ಟು ಹಿಡಿದಿರುವ ಟೇಪು ತಂದರೆ ಮೊದಲು ಒಣಗಿಸಿ ಒರೆಸುತ್ತಾರೆ, ಅದಕ್ಕೆ ಇನ್ನೂ ತಡ. ಮನೆಯಲ್ಲಿ ನೀವೇ ಒರೆಸಲು ಹೋಗಬೇಡಿ, ಹಳೇ ಮೆಷಿನ್ ಸಿಕ್ಕಿತು ಅಂತ ಹಾಕಿ ಓಡಿಸಲೂ ಬೇಡಿ. ಮೊದಲು ಟೇಪು ಕೈಲಿ ಮುಟ್ಟಿದರೆ ಬೈಯುತ್ತಾರೆ, ಬೈಸಿಕೊಳ್ಳಿ. ಸಂಜೆ ನಾಲ್ಕರ ಮೇಲೆ ಹೋದರೆ ಮೊಮ್ಮಗಳು ಇರುತ್ತಾಳೆ, ಕೆಲಸ ಬೇಗ ಆಗುತ್ತದೆ. ನಿಕ್ಸನ್ ಅಂತ ಮಾತ್ರ ನೀವಾಗಿ ಬಾಯಿ ಬಿಡಬೇಡಿ, ಒಂದು ಗಂಟೆ ಹೋಯಿತು ಅಂತಲೇ ಲೆಕ್ಕ.

ಆ ಅರ್ಧ ಸೆಕೆಂಡನ್ನು ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾಕಬಾರದಿತ್ತೇನೋ. ದೊಡ್ಡಪ್ಪ ಈಗಿಲ್ಲ, ಅವರ ಮಗ ಎರಡೇ ನಿಮಿಷದಲ್ಲಿ ಬರೆದ: "ಇದು ಹೋಳಿಗೆ. ಅಜ್ಜ ಊಟದ ವಿಷಯ ಹೇಳ್ತಿದ್ದಾರೆ." ಕೆಳಗೆ ಮೂರು ಜನ ನಗುವ ಮುಖ ಹಾಕಿದರು. ಚಿಕ್ಕಪ್ಪ ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ನಮ್ಮಪ್ಪ ಇದ್ದಿದ್ದರೆ ಏನು ಬರೆಯುತ್ತಿದ್ದರೋ. ಒತ್ತಿದ್ದು ಅಪ್ಪನೇ ಇರಬಹುದು ಅನ್ನುವುದೂ ತಲೆಗೆ ಬಂತು, ಡಬ್ಬಿಯ ಮೇಲೆ ಅಕ್ಷರ ಅವರದ್ದೇ ಅಲ್ವಾ.

ಅತ್ತೆಗೆ ವಾಟ್ಸಾಪ್ ಇಲ್ಲ. ಎಂಬತ್ತರ ಹತ್ತಿರ ಬಂದಿದೆ. ಫೋನ್ ಮಾಡಿ ಸ್ಪೀಕರ್ ಹತ್ತಿರ ಹಿಡಿದು ಕೇಳಿಸಿದೆ. ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಸ್ವಲ್ಪ ಹೊತ್ತು ಆ ಕಡೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹೋಳಿಗೆ ಅಂತ ಹೇಳ್ತಿದ್ದಾರೆ ಅತ್ತೆ ಅಂದೆ.

"ಅವತ್ತು ಅಡುಗೆ ಮನೇಲಿ ಇದ್ದೋಳು ನಾನೇ ಕಣೇ" ಅಂದರು ಅತ್ತೆ. "ಹೋಳಿಗೆ ಮಾಡಿರ್ಲಿಲ್ಲ."